ಹಳೆಯ ಎಸ್‌ಎಂಪಿಎಸ್‌ನಿಂದ ಮಾಡಿದ ಬೆಂಚ್ ಸಪ್ಲೈ ಮುನಿಸಿಕೊಂಡರೆ

ನನ್ನ ಮೇಜಿನ ಕೆಳಗೆ ಒಂದು ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಪವರ್ ಸಪ್ಲೈ ಡಬ್ಬ, ಎಂಟು ತಿಂಗಳು ಸತ್ತ ಹಾಗೆ ಬಿದ್ದಿತ್ತು. ಹಳೆಯ ಕಂಪ್ಯೂಟರ್‌ನಿಂದ ಬಿಚ್ಚಿದ್ದು. ಅದನ್ನು 12, 5, 3.3 ವೋಲ್ಟ್ ಕೊಡುವ ಬೆಂಚ್ ಸಪ್ಲೈ (ಮೇಜಿನ ಮೇಲಿಟ್ಟು ಪ್ರಯೋಗಗಳಿಗೆ ಕರೆಂಟ್ ಕೊಡುವ ಡಬ್ಬ) ಮಾಡೋಣ ಅಂತ ಒಂದು ಭಾನುವಾರ ಪೂರ್ತಿ ಕಳೆದಿದ್ದೆ. ವೈರ್ ಕತ್ತರಿಸಿ, ಬಣ್ಣದ ಪ್ರಕಾರ ಗುಂಪು ಮಾಡಿ, ಸೋಲ್ಡರ್ ಹಾಕಿ, ಮುಂದೆ ಟರ್ಮಿನಲ್ ಕೂರಿಸಿ ಸ್ವಿಚ್ ಒತ್ತಿದೆ. ಫ್ಯಾನ್ ಕಾಲು ಸುತ್ತು ತಿರುಗಿ ನಿಂತಿತು. ಇನ್ನೊಮ್ಮೆ ಒತ್ತಿದೆ, ಅದೂ ಇಲ್ಲ. ಸುಟ್ಟಿತು ಅಂದುಕೊಂಡು ಪಕ್ಕಕ್ಕೆ ತಳ್ಳಿದೆ.

ಅದು ಸುಟ್ಟಿರಲಿಲ್ಲ. ನಾನೇ ಒಂದು ತೆಳ್ಳಗಿನ ಕಂದು ವೈರನ್ನು ಸುಮ್ನೆ ಕತ್ತರಿಸಿ ಹಾಕಿದ್ದೆ. ಅದರ ಕಥೆ ಮುಂದೆ ಬರುತ್ತದೆ.

ಆಮೇಲೆ ಗೆಳೆಯರು ತಂದ ಇಂಥ ಡಬ್ಬಗಳನ್ನು ನೋಡಿದ್ದೇನೆ. ಹೆಚ್ಚಿನವು ಒಳಗೆ ಚೆನ್ನಾಗಿಯೇ ಇದ್ದವು. ಎಸ್‌ಎಂಪಿಎಸ್ ಮಾಡಿದ್ದು ಮದರ್‌ಬೋರ್ಡ್‌ಗಾಗಿ. ಮದರ್‌ಬೋರ್ಡ್ ಸದ್ದಿಲ್ಲದೆ ಪೂರೈಸುತ್ತಿದ್ದ ಕೆಲವು ಷರತ್ತುಗಳನ್ನು ನಾವು ಕಟಿಂಗ್ ಪ್ಲೈಯರ್‌ನಿಂದ ಕತ್ತರಿಸಿಬಿಡುತ್ತೇವೆ. ಆಗ ಅದು ಕೆಲಸ ಮಾಡಲ್ಲ ಅಂತ ಕೂರುತ್ತದೆ. ಅದು ಹೇಗೆ ಕೂತಿತು ಅನ್ನುವುದರಲ್ಲೇ ಕಾರಣವೂ ಇರುತ್ತದೆ. ಫ್ಯಾನ್ ಅಲುಗಲೇ ಇಲ್ಲವಾ, ಒಂದು ಜರ್ಕ್ ಕೊಟ್ಟಿತಾ, ಓಡುತ್ತಾ ಓಡುತ್ತಾ ನಿಂತಿತಾ? ಇದನ್ನು ಗಮನಿಸದೆ ಸ್ಕ್ರೂಡ್ರೈವರ್ ಹಿಡಿಯಬೇಡಿ.

ಇನ್ನೊಂದು ಮಾತು. ನಮ್ಮ 230 ವೋಲ್ಟ್ ಕರೆಂಟು ಡಬ್ಬದೊಳಗೆ ಹೋಗಿ ಸುಮಾರು 325 ವೋಲ್ಟ್ ಡಿಸಿ ಆಗುತ್ತದೆ. ಅದು ದೊಡ್ಡ ಕೆಪಾಸಿಟರ್‌ಗಳಲ್ಲಿ ಕೂತಿರುತ್ತದೆ. ಪ್ಲಗ್ ಎಳೆದ ತಕ್ಷಣ ಹೋಗುವುದಿಲ್ಲ. ಅದಕ್ಕೇ ಕೆಳಗೆ ಹೇಳಿರುವ ಪರೀಕ್ಷೆಗಳಲ್ಲಿ ಕೊನೆಯದೊಂದು ಬಿಟ್ಟು ಉಳಿದವೆಲ್ಲ ಡಬ್ಬದ ಹೊರಗಡೆಯವು. ಬೇಕಿರುವುದು ಒಂದು ಮಲ್ಟಿಮೀಟರ್, ಒಂದು ಜೆಮ್ ಕ್ಲಿಪ್, ಒಂದಿಷ್ಟು ತಾಳ್ಮೆ.

ಮೊದಲು ನೇರಳೆ, ಆಮೇಲೆ ಹಸಿರು, ಆಮೇಲೆ ಬೂದು

ನಾನು ಯಾವ ಡಬ್ಬ ಬಂದರೂ ಈ ಮೂರು ವೈರ್‌ಗಳನ್ನು ಇದೇ ಕ್ರಮದಲ್ಲಿ ನೋಡುತ್ತೇನೆ. ಮೀಟರ್ 20 ವೋಲ್ಟ್ ಡಿಸಿಗೆ, ಕಪ್ಪು ಪ್ರೋಬ್ ಯಾವುದಾದರೂ ಕಪ್ಪು ವೈರ್‌ಗೆ. ಕಪ್ಪು ಅಂದರೆ ಸೊನ್ನೆ ವೋಲ್ಟ್ (ಗ್ರೌಂಡ್). ಉಳಿದಂತೆ ಹಳದಿ 12, ಕೆಂಪು 5, ಕಿತ್ತಳೆ 3.3, ನೀಲಿ ಮೈನಸ್ 12 ವೋಲ್ಟ್.

ನೇರಳೆ ವೈರ್ ಸ್ಟ್ಯಾಂಡ್‌ಬೈ ಸಾಲು, ಅಂದರೆ ಉಳಿದದ್ದೆಲ್ಲ ಮಲಗಿದ್ದಾಗಲೂ ವೋಲ್ಟೇಜ್ ಕೊಡುವ ವೈರ್. ಗೋಡೆಯ ಸ್ವಿಚ್ ಹಾಕಿದರೆ ಸಾಕು, ಅದರಲ್ಲಿ 5 ವೋಲ್ಟ್ ಬರಬೇಕು. 4.75ರಿಂದ 5.25ರೊಳಗೆ ಇದ್ದರೆ ಸರಿ. ಏನೂ ಇಲ್ಲ ಅಂದರೆ ನೀವು ಮಾಡಿದ ವೈರಿಂಗ್ ಬಗ್ಗೆ ಆಮೇಲೆ ತಲೆ ಕೆಡಿಸಿಕೊಳ್ಳಿ. ಮೊದಲು ಪವರ್ ಕೇಬಲ್ ಬದಲಿಸಿ. ಡಬ್ಬದ ಹಿಂದಿನ ಚಿಕ್ಕ ಸ್ವಿಚ್ ಆನ್ ಇದೆಯಾ ನೋಡಿ. ನಗಬೇಡಿ, ನಾನೇ ಅದಕ್ಕೆ ಅರ್ಧ ಗಂಟೆ ಕೊಟ್ಟಿದ್ದೇನೆ. ಎರಡೂ ಸರಿಯಿದ್ದು ನೇರಳೆಯಲ್ಲಿ ವೋಲ್ಟೇಜ್ ಇಲ್ಲದಿದ್ದರೆ ಒಂದೋ ನೇರಳೆ ವೈರೇ ಎಲ್ಲೋ ಕಪ್ಪಿಗೆ ತಾಗಿ ಶಾರ್ಟ್ ಆಗಿದೆ, ಇಲ್ಲವೇ ಒಳಗಿನ ತೊಂದರೆ.

ಹಸಿರು ವೈರ್ ಎಬ್ಬಿಸುವ ವೈರ್. ಅದನ್ನು ಕಪ್ಪಿಗೆ ಸೇರಿಸಿದರೆ ಎಸ್‌ಎಂಪಿಎಸ್ ಏಳುತ್ತದೆ, ಬಿಟ್ಟರೆ ಮಲಗುತ್ತದೆ. 24 ಪಿನ್ ಕನೆಕ್ಟರ್‌ನಲ್ಲಿ ಅದು 16ನೇ ಪಿನ್, ಹಳೆಯ 20 ಪಿನ್‌ನಲ್ಲಿ 14ನೇದು. ಹಸಿರು-ಕಪ್ಪಿನ ನಡುವೆ ನೀವು ಹಾಕಿದ ಸ್ವಿಚ್ ಆಫ್ ಇದ್ದಾಗ ಅದರಲ್ಲಿ 3ರಿಂದ 5 ವೋಲ್ಟ್ ಕಾಣಬೇಕು, ಆನ್ ಮಾಡಿದಾಗ ಸೊನ್ನೆಯ ಹತ್ತಿರ ಬರಬೇಕು. 0.8 ವೋಲ್ಟ್‌ಗಿಂತ ಮೇಲೆ ನಿಂತರೆ ನಿಮ್ಮ ಸ್ವಿಚ್ ಸರಿಯಾಗಿ ತಾಗುತ್ತಿಲ್ಲ ಅಂತ ಅರ್ಥ. ಇಲ್ಲಿ ಹರಿಯುವುದು ಒಂದೆರಡು ಮಿಲಿಆಂಪ್ ಮಾತ್ರ, ದೊಡ್ಡ ಸ್ವಿಚ್ ಬೇಡ. ಆದರೆ ಪುಶ್ ಬಟನ್ ಹಾಕಬೇಡಿ, ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಓಡುತ್ತದೆ. ಕಂಪ್ಯೂಟರ್ ಡಬ್ಬದ ಪವರ್ ಬಟನ್ ಕಿತ್ತು ಹಾಕಿದವರು, "ಅರ್ಧ ಸೆಕೆಂಡ್ ಓಡಿ ನಿಲ್ಲುತ್ತೆ ಸಾರ್" ಅಂತ ತಂದಿದ್ದುಂಟು.

ಬೂದು ವೈರ್ "ಎಲ್ಲ ಸರಿಯಿದೆ" ಅನ್ನುವ ಸಿಗ್ನಲ್. ಎದ್ದ ಮೇಲೆ 100ರಿಂದ 500 ಮಿಲಿಸೆಕೆಂಡ್‌ನಲ್ಲಿ ಅದು 5 ವೋಲ್ಟ್ ಹತ್ತಿರ ಹೋಗುತ್ತದೆ. ಫ್ಯಾನ್ ತಿರುಗುತ್ತಿದ್ದರೂ ಬೂದು ಕೆಳಗೇ ಇದ್ದರೆ ಯಾವುದೋ ಒಂದು ಸಾಲು ಮಿತಿಯೊಳಗೆ ಇಲ್ಲ. ಇದಕ್ಕೆ 330 ಓಮ್ ರೆಸಿಸ್ಟರ್ ಜೊತೆ ಒಂದು ಹಸಿರು ಎಲ್‌ಇಡಿ ಹಾಕಿಬಿಡಿ, ಮುಂದೆ ತುಂಬ ಸಮಯ ಉಳಿಯುತ್ತದೆ.

ನೇರಳೆ ಸರಿ, ಹಸಿರೂ ಸರಿಯಾಗಿ ಸೊನ್ನೆಗೆ ಬರುತ್ತದೆ, ಆದರೂ ಫ್ಯಾನ್ ಅಲುಗುವುದೇ ಇಲ್ಲವಾ? ಹಿಂದೆ ಯಾವಾಗಲೋ ಟ್ರಿಪ್ ಆಗಿ ಬೀಗ ಹಾಕಿಕೊಂಡು ಕೂತಿರಬಹುದು. ಗೋಡೆಯ ಸ್ವಿಚ್ ಆಫ್ ಮಾಡಿ, ನೇರಳೆ ಸೊನ್ನೆಗೆ ಇಳಿಯುವವರೆಗೆ ಕಾದು ಮತ್ತೆ ಹಾಕಿ. ಅಂದು ನಾನು ಎರಡನೇ ಸಲ ಒತ್ತಿದಾಗ ಏನೂ ಆಗದಿದ್ದದ್ದು ಇದೇ ಕಾರಣಕ್ಕೆ.

ಫ್ಯಾನ್ ಒಂದು ಜರ್ಕ್ ಕೊಟ್ಟು ನಿಲ್ಲುತ್ತದೆ

ಇದೇ ಅತಿ ಸಾಮಾನ್ಯ ದೂರು. ಜರ್ಕ್ ಬಂತು ಅಂದರೆ ಸಂತೋಷಪಡಿ. ಒಳಗಿನ ಮುಖ್ಯ ಸರ್ಕ್ಯೂಟ್ ಏಳುತ್ತಿದೆ. ಎದ್ದು, ಏನೋ ಸರಿಯಿಲ್ಲ ಅಂತ ಕಂಡು, ತಾನೇ ನಿಲ್ಲುತ್ತಿದೆ.

ಪ್ಲಗ್ ತೆಗೆದು, ಒಂದು ನಿಮಿಷ ಬಿಟ್ಟು, ಮೀಟರನ್ನು ಓಮ್‌ಗೆ ತಿರುಗಿಸಿ. ಪ್ರತಿ ಟರ್ಮಿನಲ್‌ನಿಂದ ಕಪ್ಪಿಗೆ ಅಳೆಯಿರಿ. ಕೆಲವು ಓಮ್‌ನಿಂದ ಹತ್ತಾರು, ನೂರಾರು ಓಮ್ ತೋರಿಸುವುದು ಮಾಮೂಲು, ಒಳಗೆ ಚಿಕ್ಕ ರೆಸಿಸ್ಟರ್‌ಗಳಿರುತ್ತವೆ. ಅರ್ಧ ಓಮ್‌ಗಿಂತ ಕಡಿಮೆ ಬಂದರೆ ಶಾರ್ಟ್. ಎಲ್ಲಿ ಹುಡುಕಬೇಕು? ಒಂದು, ಟರ್ಮಿನಲ್ ಹಿಂದಿನ ಪ್ಲಾಸ್ಟಿಕ್ ವಾಷರ್. ಲೋಹದ ಪ್ಯಾನೆಲ್‌ಗೆ ಕೂರಿಸುವಾಗ ಅದನ್ನು ಮರೆತರೆ 12 ವೋಲ್ಟ್ ನೇರ ಡಬ್ಬಕ್ಕೆ. ಎರಡು, ಬಳಸದ ವೈರ್‌ಗಳ ತುದಿ. ಎಲ್ಲವನ್ನೂ ಒಂದೇ ಟೇಪಿನಲ್ಲಿ ಸುತ್ತಿದರೆ ಒಳಗೇ ಒಂದಕ್ಕೊಂದು ತಾಗುತ್ತವೆ. ಒಂದೊಂದಕ್ಕೂ ಬೇರೆ ಬೇರೆ ಸ್ಲೀವ್ ಹಾಕಿ. ಮೂರು, ಡ್ರಿಲ್ ಮಾಡಿದ ಲೋಹದ ಪುಡಿ. ಬೋರ್ಡ್ ಒಳಗೆ ಇರುವಾಗಲೇ ಡಬ್ಬಕ್ಕೆ ತೂತು ಕೊರೆದಿದ್ದರೆ ಪುಡಿ ಎಲ್ಲಿ ಕೂತಿದೆಯೋ ದೇವರೇ ಬಲ್ಲ. ಅಂಥದ್ದಕ್ಕೆ ಕರೆಂಟ್ ಕೊಡಲೇಬೇಡಿ, ಬಿಚ್ಚಿ ಬ್ರಷ್‌ನಿಂದ ತೆಗೆಯುವವರೆಗೆ.

ಈ ಪುಡಿಯ ತಾಪತ್ರಯ ನೋಡಿ ನೋಡಿ ನಾನು ಡಬ್ಬಕ್ಕೆ ತೂತು ಕೊರೆಯುವುದನ್ನೇ ಬಿಟ್ಟೆ. ಟರ್ಮಿನಲ್‌ಗಳನ್ನು ಬೇರೆ ಮರದ ಪೆಟ್ಟಿಗೆಯಲ್ಲಿ ಕೂರಿಸಿ ವೈರ್‌ಗಳನ್ನು ಹೊರಗಿಂದ ಅಲ್ಲಿಗೆ ತರುತ್ತೇನೆ. ನೋಡಲು ಅಷ್ಟು ಚಂದ ಇಲ್ಲ ನಿಜ. ಆದರೆ 325 ವೋಲ್ಟ್ ಇರುವ ಕಡೆ ಕೈ ಹಾಕುವ ಅಗತ್ಯವೇ ಬರಲ್ಲ.

ಶಾರ್ಟ್ ಏನೂ ಇಲ್ಲ ಅಂದರೆ ಕಂದು ವೈರ್ ಹುಡುಕಿ. ಎಲ್ಲ ಎಸ್‌ಎಂಪಿಎಸ್‌ನಲ್ಲೂ ಇರುವುದಿಲ್ಲ. ಇದ್ದರೆ 24 ಪಿನ್‌ನ 13ನೇ ತೂತಿನಲ್ಲಿ, 20 ಪಿನ್ ಆದರೆ 11ನೇದರಲ್ಲಿ, ಕಿತ್ತಳೆ ವೈರ್ ಜೊತೆಗೇ ತುರುಕಿರುತ್ತಾರೆ. ಕೆಲವರು ಕಂದು ಬದಲು ತೆಳ್ಳಗಿನ ಕಿತ್ತಳೆ ವೈರನ್ನೇ ಹಾಕಿರುತ್ತಾರೆ. ಅದರ ಕೆಲಸ 3.3 ವೋಲ್ಟ್ ಮದರ್‌ಬೋರ್ಡ್ ತನಕ ಸರಿಯಾಗಿ ತಲುಪಿತಾ ಅಂತ ನೋಡಿ ಹಿಂದಕ್ಕೆ ಹೇಳುವುದು. ಅದನ್ನು ಕತ್ತರಿಸಿ ಹಾಗೇ ಬಿಟ್ಟರೆ ಕೆಲವು ಎಸ್‌ಎಂಪಿಎಸ್‌ಗಳು "ಅಲ್ಲಿಗೆ ಏನೂ ತಲುಪುತ್ತಿಲ್ಲ" ಅಂತ 3.3 ಸಾಲನ್ನು ಮೇಲೆ ಮೇಲೆ ತಳ್ಳುತ್ತವೆ. ಸಾಲು ಮಿತಿ ದಾಟುತ್ತದೆ, ಒಳಗಿನ ರಕ್ಷಣೆ ಟ್ರಿಪ್ ಆಗುತ್ತದೆ. ಇಷ್ಟೆಲ್ಲ ಕಣ್ಣು ಮಿಟುಕಿಸುವುದರೊಳಗೆ ಮುಗಿದು ನಮಗೆ ಕಾಣುವುದು ಒಂದು ಜರ್ಕ್ ಮಾತ್ರ. ಕಂದು ವೈರನ್ನು ಕಿತ್ತಳೆ ಗುಂಪಿಗೆ ಸೋಲ್ಡರ್ ಮಾಡಿ, ಅಷ್ಟೇ. ನನ್ನದು ಎಂಟು ತಿಂಗಳ ಮೇಲೆ ಎರಡು ನಿಮಿಷದಲ್ಲಿ ಎದ್ದು ಕೂತಿತು. ಇವತ್ತಿಗೂ ಅದೇ ಓಡುತ್ತಿದೆ.

ಅದೂ ಸರಿಯಿದ್ದರೆ ಲೋಡ್, ಅಂದರೆ ಸಪ್ಲೈನಿಂದ ಕರೆಂಟ್ ಎಳೆಯುವ ವಸ್ತು, ಸಾಲದು. ಇದು ಸ್ವಲ್ಪ ವಿವರವಾಗಿ ಹೇಳಬೇಕಾದದ್ದು.

ಓಡುತ್ತದೆ, ಆದರೆ ವೋಲ್ಟೇಜ್ ಸರಿಯಿಲ್ಲ

ಹಳೆಯ ಎಸ್‌ಎಂಪಿಎಸ್‌ಗಳಲ್ಲಿ 5 ಮತ್ತು 12 ವೋಲ್ಟ್ ಎರಡೂ ಒಂದೇ ಟ್ರಾನ್ಸ್‌ಫಾರ್ಮರ್‌ನಿಂದ ಬರುತ್ತವೆ. ಎರಡನ್ನೂ ಒಂದೇ ಐಸಿ ಒಟ್ಟಿಗೆ ನೋಡಿಕೊಳ್ಳುತ್ತದೆ. ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತು ಅಂದುಕೊಳ್ಳಿ. ಒಂದು ಎಳೆಯುತ್ತಾ ಇನ್ನೊಂದು ಸುಮ್ನೆ ನಿಂತರೆ ನೊಗ ವಾಲುತ್ತದೆ. ನೀವು 12 ವೋಲ್ಟ್‌ನಿಂದ ಮಾತ್ರ ಕರೆಂಟ್ ಎಳೆದು 5 ವೋಲ್ಟ್ ಖಾಲಿ ಬಿಟ್ಟರೆ, 12 ಕೆಳಗೆ ಬೀಳುತ್ತದೆ, 5 ಮೇಲೆ ಏರುತ್ತದೆ. ನನ್ನ ಡಬ್ಬದಲ್ಲಿ 12ರ ಮೇಲೆ 2 ಆಂಪ್ ಹಾಕಿದಾಗ ಅದು 11.2ಕ್ಕೆ ಇಳಿದು, 5 ವೋಲ್ಟ್ 5.3ಕ್ಕೆ ಹೋಗಿತ್ತು. ನಿಯಮದ ಪ್ರಕಾರ ಎರಡೂ ಶೇಕಡಾ 5ರೊಳಗೆ ಇರಬೇಕು. ಅಂದರೆ 12 ಅನ್ನುವುದು 11.4ರಿಂದ 12.6, 5 ಅನ್ನುವುದು 4.75ರಿಂದ 5.25, 3.3 ಅನ್ನುವುದು 3.14ರಿಂದ 3.47. ಮೈನಸ್ 12ಕ್ಕೆ ಮಾತ್ರ ಶೇಕಡಾ 10ರ ರಿಯಾಯಿತಿ ಇದೆ.

ಇದಕ್ಕೆ ಮದ್ದು, 5 ವೋಲ್ಟ್ ಎತ್ತಿಗೂ ಸ್ವಲ್ಪ ಕೆಲಸ ಕೊಡುವುದು. ಕೆಂಪು ಮತ್ತು ಕಪ್ಪಿನ ನಡುವೆ 10 ಓಮ್, 10 ವ್ಯಾಟ್‌ನ ಬಿಳಿ ಸಿಮೆಂಟ್ ರೆಸಿಸ್ಟರ್ ಹಾಕಿ. ಅರ್ಧ ಆಂಪ್ ಹರಿದು 2.5 ವ್ಯಾಟ್ ಶಾಖ ಆಗುತ್ತದೆ. ಅದಕ್ಕೂ ಬಗ್ಗದಿದ್ದರೆ 4.7 ಓಮ್ ಹಾಕಿ. ಆಗ 1 ಆಂಪ್‌ಗೆ ಸ್ವಲ್ಪ ಜಾಸ್ತಿ, 5.3 ವ್ಯಾಟ್. ನನ್ನದು ಇದರಿಂದ 11.7ಕ್ಕೆ ಬಂತು, ಸಾಕು.

ರೆಸಿಸ್ಟರ್ ಎಲ್ಲಿಡುತ್ತೀರಿ ಅನ್ನುವುದೂ ಮುಖ್ಯ. 5 ವ್ಯಾಟ್ ಅಂದರೆ ಕಡಿಮೆ ಅನ್ನಿಸುತ್ತದೆ, ಮುಟ್ಟಿ ನೋಡಿದರೆ ಬೆರಳು ಚುರ್ ಅನ್ನುತ್ತದೆ. ವೈರ್‌ಗಳಿಗೆ ತಾಗುವಂತೆ ಇಟ್ಟರೆ ಇನ್ಸುಲೇಷನ್ ಕರಗುತ್ತದೆ. "ಅರ್ಧ ಗಂಟೆ ಆದಮೇಲೆ ಪ್ಲಾಸ್ಟಿಕ್ ಸುಟ್ಟ ವಾಸನೆ" ಅಂದರೆ ಮೊದಲು ಇದನ್ನೇ ನೋಡಿ. ಲೋಹದ ಪಟ್ಟಿಗೆ ಬಿಗಿದು ಫ್ಯಾನ್ ಗಾಳಿ ಬೀಳುವ ಕಡೆ ಇಡಿ.

ಹೊಸ ಎಸ್‌ಎಂಪಿಎಸ್‌ಗಳಿಗೆ ಸಾಮಾನ್ಯವಾಗಿ ಈ ರೆಸಿಸ್ಟರ್ ಬೇಕಾಗಲ್ಲ. ಅವುಗಳಲ್ಲಿ 12 ವೋಲ್ಟ್ ಮುಖ್ಯ, ಉಳಿದ ಎರಡನ್ನು ಅದರಿಂದಲೇ ಇಳಿಸಿಕೊಳ್ಳುತ್ತವೆ. ನಿಮ್ಮದು ಯಾವುದು ಅಂತ ಲೇಬಲ್ ಹೇಳುತ್ತದೆ. 12 ವೋಲ್ಟ್ ಸಾಲಿನ ಆಂಪ್ ಅನ್ನು 12ರಿಂದ ಗುಣಿಸಿ. ಒಟ್ಟು ವ್ಯಾಟ್‌ನ ಹತ್ತಿರ ಬಂದರೆ ಹೊಸ ಬಗೆ. 5 ವೋಲ್ಟ್‌ಗೆ 30 ಆಂಪ್, 12ಕ್ಕೆ 10-15 ಆಂಪ್ ಅಂತಿದ್ದರೆ ಹಳೆಯ ಬಗೆ. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೇಲಿನ ದೊಡ್ಡ ವ್ಯಾಟ್ ಸಂಖ್ಯೆ ಬಿಟ್ಟು ಈ ಚಿಕ್ಕ ಕೋಷ್ಟಕ ಓದಿ. ಕೈಯಲ್ಲಿ ಎತ್ತಿಯೂ ನೋಡಿ. ಹಗುರವಾಗಿದ್ದರೆ ಲೇಬಲ್ ಸುಳ್ಳು ಹೇಳುತ್ತಿರುವ ಸಾಧ್ಯತೆ ಜಾಸ್ತಿ.

ಖಾಲಿ ಇದ್ದಾಗ ಸರಿ, ಏನಾದರೂ ಜೋಡಿಸಿದರೆ ಬೀಳುತ್ತದೆ

ಇಲ್ಲಿ ಎರಡು ಬೇರೆ ಬೇರೆ ತೊಂದರೆಗಳು ಒಂದೇ ವೇಷದಲ್ಲಿ ಬರುತ್ತವೆ. ವೋಲ್ಟೇಜ್ ಸ್ವಲ್ಪ ಇಳಿಯುತ್ತದಾ, ಅಥವಾ ಸಪ್ಲೈ ಪೂರ್ತಿ ಆಫ್ ಆಗುತ್ತದಾ?

ಸ್ವಲ್ಪ ಇಳಿಯುವುದಾದರೆ, ಮೊದಲು ಟರ್ಮಿನಲ್ ಮೇಲೆ ಅಳೆಯಿರಿ, ಆಮೇಲೆ ಲೋಡ್‌ನ ತುದಿಯಲ್ಲಿ ಅಳೆಯಿರಿ. ಟರ್ಮಿನಲ್‌ನಲ್ಲಿ 5.05 ಇದ್ದು ತುದಿಯಲ್ಲಿ 4.6 ಬಂದರೆ ಆ ಅರ್ಧ ವೋಲ್ಟ್ ತಿಂದದ್ದು ನಿಮ್ಮ ವೈರ್. ಬಣ್ಣ ಬಣ್ಣದ ಅಗ್ಗದ ಕ್ರೊಕೊಡೈಲ್ ಕ್ಲಿಪ್ ವೈರ್‌ಗಳು ಈ ವಿಷಯದಲ್ಲಿ ಮಹಾ ಮೋಸ. ಹೊರಗೆ ದಪ್ಪ ಪ್ಲಾಸ್ಟಿಕ್, ಒಳಗೆ ಕೂದಲಿನಂಥ ನಾಲ್ಕು ಎಳೆ. ಒಂದಕ್ಕೆ ಕಾಲು ಓಮ್ ಇದ್ದರೂ ಹೋಗಿ ಬರುವಾಗ ಎರಡು ಸೇರಿ, 2 ಆಂಪ್‌ಗೆ 1 ವೋಲ್ಟ್ ಹೋಯಿತು. ಟರ್ಮಿನಲ್‌ನಲ್ಲೇ ಇಳಿದಿದ್ದರೆ ಒಳಗಿನ ಜೋಡಣೆ ನೋಡಿ. ಒಂದೇ ಹಳದಿ ವೈರ್‌ನಿಂದ 10 ಆಂಪ್ ಎಳೆಯುವ ಬದಲು ಮೂರು ನಾಲ್ಕನ್ನು ಒಟ್ಟು ಮಾಡಿ. ಕಪ್ಪಿನಲ್ಲೂ ಅಷ್ಟೇ ಸಂಖ್ಯೆ ಇರಬೇಕು, ಅದನ್ನು ಬಹಳ ಜನ ಮರೆಯುತ್ತಾರೆ.

ಪೂರ್ತಿ ಆಫ್ ಆಗುವುದಾದರೆ ಲೋಡ್ ಏನು ಅಂತ ಕೇಳಿಕೊಳ್ಳಿ. ಕಾರಿನ 55 ವ್ಯಾಟ್ ಹೆಡ್‌ಲೈಟ್ ಬಲ್ಬ್ ಉರಿಯುವಾಗ ಎಳೆಯುವುದು 4.6 ಆಂಪ್. ಆದರೆ ತಣ್ಣಗಿರುವಾಗ ಅದರ ರೆಸಿಸ್ಟೆನ್ಸ್ ಸುಮಾರು ಹತ್ತನೇ ಒಂದು ಪಾಲು ಮಾತ್ರ. ಹಾಕಿದ ಆ ಕ್ಷಣಕ್ಕೆ ಹತ್ತಾರು ಆಂಪ್ ಕೇಳುತ್ತದೆ, ಸಪ್ಲೈ ಇದನ್ನು ಶಾರ್ಟ್ ಅಂತಲೇ ತಿಳಿಯುತ್ತದೆ. ಮೋಟಾರ್, ದೊಡ್ಡ ಕೆಪಾಸಿಟರ್ ಇರುವ ಆಂಪ್ಲಿಫೈಯರ್ ಕೂಡ ಹೀಗೇ. ಸಾಲಿನಲ್ಲಿ 1 ಓಮ್‌ನ ದಪ್ಪ ರೆಸಿಸ್ಟರ್ ಇಟ್ಟು ಹಾಕಿ ನೋಡಿ. ಅದರ ಮೂಲಕ ಎದ್ದು ನಿಂತರೆ ದೋಷ ಇಲ್ಲ, ಮೊದಲ ಏಟು ಜಾಸ್ತಿಯಾಗಿತ್ತು ಅಷ್ಟೇ.

ಒಬ್ಬರು ಯುಪಿಎಸ್ ಬ್ಯಾಟರಿ ಚಾರ್ಜ್ ಮಾಡಲು ಹೋಗಿ ವಿಚಿತ್ರ ದೂರು ತಂದರು. ಗೋಡೆಯ ಪ್ಲಗ್ ಕಿತ್ತರೂ ಫ್ಯಾನ್ ತಿರುಗುತ್ತಲೇ ಇದೆಯಂತೆ! ಭೂತವೇನಲ್ಲ. ಬ್ಯಾಟರಿಯ 12.7 ವೋಲ್ಟ್ ಹಿಂದಕ್ಕೆ ಹರಿದು ಫ್ಯಾನ್ ಓಡಿಸುತ್ತಿತ್ತು. 12 ವೋಲ್ಟ್ ಬ್ಯಾಟರಿ ತುಂಬಲು 13.8ರ ಆಸುಪಾಸು ಬೇಕು, ಅದು ಇದರಲ್ಲಿ ಇಲ್ಲ. ಈ ಡಬ್ಬದಿಂದ ಬ್ಯಾಟರಿ ಚಾರ್ಜ್ ಮಾಡಬೇಡಿ.

7 ವೋಲ್ಟ್, 24 ವೋಲ್ಟ್ ಸಾಹಸಗಳು

ಹಳದಿ ಮತ್ತು ಕೆಂಪಿನ ನಡುವೆ 7 ವೋಲ್ಟ್ ಸಿಗುತ್ತದೆ ಅನ್ನುವುದು ನಿಜ. ಆದರೆ ಆ ಕರೆಂಟ್ 5 ವೋಲ್ಟ್ ಸಾಲಿನೊಳಗೆ ಹಿಮ್ಮುಖವಾಗಿ ನುಗ್ಗುತ್ತದೆ. ಸಪ್ಲೈಗೆ ಕೊಡಲು ಗೊತ್ತು, ತೆಗೆದುಕೊಳ್ಳಲು ಗೊತ್ತಿಲ್ಲ. ಕೆಂಪಿನ ಮೇಲೆ ಅದಕ್ಕಿಂತ ಜಾಸ್ತಿ ಲೋಡ್ ಬೇರೆ ಇಲ್ಲದಿದ್ದರೆ 5 ವೋಲ್ಟ್ ಏರಿ ಟ್ರಿಪ್ ಆಗುತ್ತದೆ. 10 ಓಮ್ ರೆಸಿಸ್ಟರ್ ಇದ್ದರೆ ಅರ್ಧ ಆಂಪ್ ತನಕ ನಡೆಯುತ್ತದೆ, ಅದರ ಮೇಲೆ ಇಲ್ಲ. ಹಳದಿ ಮತ್ತು ನೀಲಿಯ ನಡುವಿನ 24 ವೋಲ್ಟ್ ಇನ್ನೂ ಬಡವ. ನೀಲಿ ಸಾಲು ಕೊಡುವುದೇ ಅರ್ಧ ಆಂಪ್ ಆಸುಪಾಸು, ಲೇಬಲ್ ನೋಡಿ.

ಎರಡು ಎಸ್‌ಎಂಪಿಎಸ್ ಸಾಲಾಗಿ ಜೋಡಿಸಿ 24 ಮಾಡಿದಾಗ ಒಂದು ತಕ್ಷಣ ಆಫ್ ಆಗುವುದಕ್ಕೆ ಕಾರಣ ಸರಳ. ಎರಡರ ಕಪ್ಪು ವೈರ್‌ಗಳೂ ಡಬ್ಬಕ್ಕೆ, ಡಬ್ಬದಿಂದ ಅರ್ಥಿಂಗ್‌ಗೆ ಸೇರಿವೆ. ಒಂದರ ಹಳದಿಯನ್ನು ಇನ್ನೊಂದರ ಕಪ್ಪಿಗೆ ಕೊಟ್ಟರೆ ಅದು ಅರ್ಥಿಂಗ್ ಮೂಲಕ ಶಾರ್ಟ್. ಅರ್ಥಿಂಗ್ ಪಿನ್ ಕಿತ್ತು ಹಾಕಿ ಸರಿ ಮಾಡಿದೆ ಅನ್ನುವವರಿದ್ದಾರೆ. ಅವರ ಮಾತು ಕೇಳಬೇಡಿ.

ಮುಟ್ಟಿದರೆ ಜುಮ್ ಅನ್ನುತ್ತದೆ

ಡಬ್ಬವನ್ನೋ ಕಪ್ಪು ಟರ್ಮಿನಲನ್ನೋ ಮುಟ್ಟಿದಾಗ ಜುಮ್ ಅಂದರೆ ಎಸ್‌ಎಂಪಿಎಸ್ ಕೆಟ್ಟಿರಲೇಬೇಕು ಅಂತಿಲ್ಲ, ಮನೆಯ ಅರ್ಥಿಂಗ್ ಇಲ್ಲದಿರಬಹುದು. ಒಳಗೆ ಫೇಸ್ ಮತ್ತು ನ್ಯೂಟ್ರಲ್‌ನಿಂದ ಡಬ್ಬಕ್ಕೆ ಎರಡು ಚಿಕ್ಕ ಕೆಪಾಸಿಟರ್‌ಗಳಿರುತ್ತವೆ. ಅರ್ಥಿಂಗ್ ಇಲ್ಲದಿದ್ದರೆ ಡಬ್ಬ ಎರಡರ ನಡುವೆ, ಸುಮಾರು 115 ವೋಲ್ಟ್‌ನಲ್ಲಿ ತೇಲುತ್ತದೆ. ಕರೆಂಟ್ ತೀರಾ ಕಡಿಮೆ, ಆದರೆ ನೀವು ಜೋಡಿಸಿದ ಸೂಕ್ಷ್ಮ ಐಸಿಗಳಿಗೆ ಅಷ್ಟೇ ಸಾಕು ಸಾಯಲು. ಹಳೆಯ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದು ಮೇಲಿನ ತೂತಿಗೆ ವೈರೇ ಬಂದಿರುವುದಿಲ್ಲ. ಟೂ ಪಿನ್ ಅಡಾಪ್ಟರ್ ಹಾಕಿದರೂ ಇದೇ ಕಥೆ. ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಸರಿ ಮಾಡಿಸಿ. ಅದಾದ ಮೇಲೂ ಜುಮ್ ಅಂದರೆ, ಅಥವಾ ಇಎಲ್‌ಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಮನೆಯ ಸ್ವಿಚ್) ಬಿದ್ದರೆ, ಆಗ ಡಬ್ಬವನ್ನು ಅನುಮಾನಿಸಿ.

ಕೊನೆಗೆ ಬಿಚ್ಚಲೇಬೇಕಾದರೆ

ಪ್ಲಗ್ ತೆಗೆದು ಹತ್ತು ನಿಮಿಷ ಬಿಡಿ. ಮುಚ್ಚಳ ತೆಗೆದು, ದೊಡ್ಡ ಕೆಪಾಸಿಟರ್‌ಗಳ ಮೇಲೆ ಡಿಸಿ ಅಳೆದು, 10 ವೋಲ್ಟ್‌ಗಿಂತ ಕೆಳಗೆ ಬಂದ ಮೇಲೆ ಕೈ ಹಾಕಿ. ಈ ವಾಕ್ಯ ಓದಿ ಅಳುಕಾದರೆ ಬಿಚ್ಚಬೇಡಿ. ಗುಜರಿ ಬೆಲೆಗೆ ಇನ್ನೊಂದು ಸಿಗುತ್ತದೆ.

ಮೊದಲು ಕಣ್ಣಿಂದ ನೋಡಿ. ಔಟ್‌ಪುಟ್ ಕಡೆಯ ಕೆಪಾಸಿಟರ್‌ಗಳ ತಲೆ ಚಪ್ಪಟೆಯಾಗಿರಬೇಕು. ಪೂರಿಯ ಹಾಗೆ ಉಬ್ಬಿದ್ದರೆ, ಕಂದು ಅಂಟು ಸೋರಿದ್ದರೆ ಅವು ಮುಗಿದವು. 2000ದ ಆಸುಪಾಸಿನ ವರ್ಷಗಳ ಕೆಪಾಸಿಟರ್‌ಗಳಲ್ಲಿ ಇದು ತುಂಬ ಸಾಮಾನ್ಯ. ಲಕ್ಷಣ ಹೊರಗೂ ಕಾಣುತ್ತದೆ: ಆಂಪ್ಲಿಫೈಯರ್‌ನಲ್ಲಿ ಕುಂಯ್ ಅನ್ನುವ ಶಬ್ದ, ತಣ್ಣಗಿದ್ದಾಗ ಏಳದೆ ಮೂರ್ನಾಲ್ಕು ಸಲ ಒತ್ತಿದ ಮೇಲೆ ಏಳುವುದು. ಅದೇ ಮೈಕ್ರೊಫ್ಯಾರಡ್, ಅದೇ ಅಥವಾ ಜಾಸ್ತಿ ವೋಲ್ಟ್, 105 ಡಿಗ್ರಿಯದ್ದೇ ಹಾಕಿ.

ಫ್ಯೂಸ್ ಹೋಗಿದ್ದರೆ ಹೊಸದು ಹಾಕಿ ನೇರ ಪ್ಲಗ್‌ಗೆ ಕೊಡಬೇಡಿ. ಒಳಗಿನ ಫ್ಯೂಸ್ ಸುಮ್ಸುಮ್ನೆ ಹೋಗುವುದಿಲ್ಲ. ಹಿಂದೆ 115-230 ಅಂತ ಕೆಂಪು ಜಾರು ಸ್ವಿಚ್ ಇದ್ದರೆ ಅದು 230ರಲ್ಲಿ ಇದೆಯಾ ನೋಡಿ. 115ಕ್ಕೆ ಜಾರಿಸಿ ನಮ್ಮ ಕರೆಂಟ್ ಕೊಟ್ಟಿದ್ದರೆ ಒಳಗೆ ವೋಲ್ಟೇಜ್ ದುಪ್ಪಟ್ಟಾಗಿ ಢಂ ಅಂದಿರುತ್ತದೆ. ಎಲೆಕ್ಟ್ರಿಷಿಯನ್‌ಗಳ ಹಳೆಯ ಸೀರೀಸ್ ಬಲ್ಬ್ ಇಲ್ಲಿ ಕೆಲಸಕ್ಕೆ ಬರುತ್ತದೆ: ಮುಚ್ಚಳ ಹಾಕಿ, ಫೇಸ್ ಸಾಲಿನಲ್ಲಿ 60 ವ್ಯಾಟ್‌ನ ತಂತಿ ಬಲ್ಬ್ ಇಟ್ಟು ಕರೆಂಟ್ ಕೊಡಿ. ಬಲ್ಬ್ ಒಮ್ಮೆ ಮಿಂಚಿ ಆರಿದರೆ ಒಳಗೆ ಶಾರ್ಟ್ ಇಲ್ಲ, ನೇರಳೆ ವೈರ್ ಅಳೆದು ಮುಂದುವರಿಯಿರಿ. ಪೂರ್ತಿ ಬೆಳಗಿ ನಿಂತರೆ ಬ್ರಿಡ್ಜ್ ಡಯೋಡೋ ಮುಖ್ಯ ಟ್ರಾನ್ಸಿಸ್ಟರೋ ಹೋಗಿದೆ. ಅಂಥದ್ದನ್ನು ನಾನು ರಿಪೇರಿ ಮಾಡಲ್ಲ. ಫ್ಯಾನ್, ಹೀಟ್ ಸಿಂಕ್, ವೈರ್ ಕಿತ್ತಿಟ್ಟುಕೊಂಡು ಉಳಿದದ್ದನ್ನು ಗುಜರಿಗೆ ಹಾಕುತ್ತೇನೆ.